ಅಂಕಿ–ಅಕ್ಷರದ ಆಟವನ್ನು ಫ್ರಾನ್ಸ್ ನಿಲ್ಲಿಸಬಾರದಿತ್ತು

ಫ್ರಾನ್ಸಿನ ಟಿವಿಯಲ್ಲಿ 'ದೆ ಶಿಫ್ರ್ ಎ ದೆ ಲೆತ್ರ್' ಅಂತ ಒಂದು ಆಟ ಬರುತ್ತಿತ್ತು. ಅಂಕಿ ಮತ್ತು ಅಕ್ಷರಗಳ ಆಟ. 1965ರಲ್ಲಿ ಅರ್ಮಾಂ ಜಮೊ ಇದನ್ನು ಬರೀ ಪದ ಕಟ್ಟುವ ಆಟವಾಗಿ ಶುರು ಮಾಡಿದರು. ಆಮೇಲೆ ಲೆಕ್ಕವೂ ಸೇರಿತು, 1972ರಲ್ಲಿ ಈ ಹೆಸರು ಬಂತು. 2024ರಲ್ಲಿ ನಿಂತೇ ಹೋಯಿತು. ನನಗೆ ಇದು ತುಂಬಾ ಬೇಸರದ ವಿಷಯ. ನಿಲ್ಲಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಆಟ ಎಷ್ಟು ಸರಳ ನೋಡಿ. ಸ್ಪರ್ಧಿ ಸ್ವರ ಬೇಕೋ ವ್ಯಂಜನ ಬೇಕೋ ಅಂತ ಕೇಳುತ್ತಾ ಹೋಗಬೇಕು. ಹತ್ತು ಅಕ್ಷರ ಬಂದ ಮೇಲೆ ಅವುಗಳಲ್ಲಿ ಎಷ್ಟು ಉದ್ದದ ಪದ ಕಟ್ಟಬಹುದೋ ಕಟ್ಟಬೇಕು. ಲೆಕ್ಕದ ಸುತ್ತಿನಲ್ಲಿ ಆರು ಸಂಖ್ಯೆ ಕೊಡುತ್ತಾರೆ, ಜೊತೆಗೆ ಮುಟ್ಟಬೇಕಾದ ಮೂರಂಕಿಯ ಒಂದು ಸಂಖ್ಯೆ. 100, 75, 8, 6, 3, 2 ಬಂದಿವೆ, 615 ಮಾಡಬೇಕು ಅಂದುಕೊಳ್ಳಿ. 75ನ್ನು 8ರಿಂದ ಗುಣಿಸಿದರೆ 600. ಆರೆರಡಲ ಹನ್ನೆರಡು, ಅದಕ್ಕೆ ಮೂರು ಸೇರಿಸಿದರೆ ಮುಗಿಯಿತು. 100 ಬೇಕಾಗಲೇ ಇಲ್ಲ. ಸಮಯ ಒಂದು ನಿಮಿಷವೂ ಇರುವುದಿಲ್ಲ. ಲೆಕ್ಕ ಸರಿಹೋದರೆ 'ಲ ಕೋಂತ್ ಎ ಬೋಂ', ಅಂದರೆ ಲೆಕ್ಕ ಸರಿಯಾಯಿತು, ಅನ್ನಬೇಕು.

ಇಲ್ಲಿ ನೋಡುವವರೂ ಸುಮ್ನೆ ಕೂರುವುದಿಲ್ಲ. ಮನೆಯಲ್ಲಿ ಅಜ್ಜಿ ಪೆನ್ಸಿಲ್ ಹಿಡಿದಿರುತ್ತಾರೆ, ಮೊಮ್ಮಗ ಪಕ್ಕದಲ್ಲಿ ಬಾಯಿಲೆಕ್ಕ ಮಾಡುತ್ತಿರುತ್ತಾನೆ. ಫ್ರಾನ್ಸಿನ ಊರೂರಲ್ಲಿ ಈ ಆಟಕ್ಕೆ ಕ್ಲಬ್‌ಗಳು ಹುಟ್ಟಿಕೊಂಡವು. ಎಷ್ಟೋ ವರ್ಷ ಲೆಕ್ಕದ ಭಾಗ ನೋಡಿಕೊಂಡ ಬರ್ತ್ರಾಂ ರೆನಾರ್ ಅವರೂ ಮೊದಲು ಇಲ್ಲಿಗೆ ಬಂದದ್ದು ಸ್ಪರ್ಧಿಯಾಗಿಯೇ. ಅವರು ಮತ್ತು ಅಕ್ಷರದ ಭಾಗದ ಆರಿಯೆಲ್ ಬೂಲಾಂ-ಪ್ರಾ 2022ರಲ್ಲಿ ಹೊರಗೆ ಹೋದರು. ದಿನಾ ಬರುತ್ತಿದ್ದ ಆಟವೂ ವಾರಾಂತ್ಯಕ್ಕೆ ಸರಿಯಿತು. ದಿನದ ಅಭ್ಯಾಸ ತಪ್ಪಿಸಿದರೆ ಜನ ಹೇಗೆ ಉಳಿಯುತ್ತಾರೆ ಹೇಳಿ?

ದೊಡ್ಡ ಖರ್ಚಿನ ಆಟಗಳ ಮೇಲೆ ನನಗೇನೂ ಸಿಟ್ಟಿಲ್ಲ. 1990ರಿಂದ ಟಿವಿಯಲ್ಲಿ ಬರುತ್ತಿರುವ ಸಾಹಸದ ಆಟ 'ಫೋರ್ ಬೊಯಾರ್' ನನಗೂ ಇಷ್ಟವೇ. ಸಮುದ್ರದ ಮಧ್ಯದ ಹಳೇ ಕೋಟೆ, ಒಗಟು ಕೇಳುವ ಮುದುಕ ಪೇರ್ ಫೂರಾ, ಗೆದ್ದ ಹಣ ಸೇವಾಸಂಸ್ಥೆಗಳಿಗೆ. ಎಲ್ಲಾ ಚೆನ್ನಾಗಿದೆ. ಆದರೆ ಅಲ್ಲಿ ಓಡುವವರು ಹೆಚ್ಚಾಗಿ ಹೆಸರಾಂತ ಜನ, ನಾವು ನೋಡುವವರು ಅಷ್ಟೇ. ಅಂಚೆ ನೌಕರನೋ ನಿವೃತ್ತ ಮೇಷ್ಟ್ರೋ ತನ್ನ ತಲೆಯನ್ನಷ್ಟೇ ನಂಬಿ ಬಂದು ಕೂರುವ ಜಾಗವೂ ಟಿವಿಯಲ್ಲಿ ಇರಬೇಕಲ್ವಾ?

ಅಂಥ ಜಾಗ ರೇಡಿಯೋದಲ್ಲಿ ಇನ್ನೂ ಇದೆ ಅನ್ನುವುದೇ ನನಗೆ ಧೈರ್ಯ. ಫ್ರಾನ್ಸ್ ಆಂತೇರ್ ಅನ್ನುವ ರೇಡಿಯೋ ವಾಹಿನಿಯಲ್ಲಿ 'ಸಾವಿರ ಯೂರೋ ಆಟ' ಬರುತ್ತದೆ. 1958ರಲ್ಲಿ ಶುರುವಾದದ್ದು. ತಂಡ ಸಣ್ಣ ಸಣ್ಣ ಊರುಗಳಿಗೆ ಹೋಗಿ ಅಲ್ಲಿನ ಸಭಾಂಗಣದಲ್ಲೇ ಆಟ ನಡೆಸುತ್ತದೆ. ಪ್ರಶ್ನೆ ಕಳಿಸುವವರು ಕೇಳುಗರೇ. ಸುಲಭದ್ದು ನೀಲಿ, ಆಮೇಲೆ ಬಿಳಿ, ಕಷ್ಟದ್ದು ಕೆಂಪು. ಅದೂ ದಾಟಿದರೆ ಮುಂದಕ್ಕೆ ಹೋಗಬೇಕಾ ಬೇಡ್ವಾ ಅನ್ನುವ ಹೊತ್ತಿಗೆ ಮುಂದಕ್ಕೆ ಹೋಗು ಅಂತ ಇಡೀ ಸಭೆ 'ಬಾಂಕೋ! ಬಾಂಕೋ!' ಎಂದು ಕೂಗುತ್ತದೆ. ಹೆಚ್ಚೆಂದರೆ ಸಿಗುವುದು ಸಾವಿರ ಯೂರೋ. ಆ ಕೂಗಿಗೆ ಕೋಟಿ ರೂಪಾಯಿ ಏನೂ ಬೇಕಿಲ್ಲ.

ಅಂಕಿ–ಅಕ್ಷರದ ಆಟ ಮುದುಕರು ನೋಡುವ ಕಾರ್ಯಕ್ರಮ, ಅದರ ಕಾಲ ಮುಗಿಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಆಟವನ್ನು ಬ್ರಿಟನ್ನಿನವರು 'ಕೌಂಟ್‌ಡೌನ್' ಅಂತ ಮಾಡಿಕೊಂಡು 1982ರಲ್ಲಿ ಚಾನೆಲ್ 4 ಶುರುವಾದ ದಿನವೇ ತೋರಿಸಿದರು. ಅಲ್ಲಿ ಅದಕ್ಕೆ ಇನ್ನೂ ಜನ ಇದ್ದಾರೆ. ಪಡೆದವರು ಉಳಿಸಿಕೊಂಡರು, ಕೊಟ್ಟವರು ಬಿಟ್ಟರು. ಜನರ ದುಡ್ಡಿನಲ್ಲಿ ನಡೆಯುವ ಫ್ರಾನ್ಸಿನ ವಾಹಿನಿಗೆ ಇದೇನು ದುಬಾರಿ ಕಾರ್ಯಕ್ರಮವಲ್ಲ. ಒಂದು ಮೇಜು, ಇಬ್ಬರು ಸ್ಪರ್ಧಿಗಳು, ಒಂದು ಗಡಿಯಾರ, ಒಂದು ನಿಘಂಟು ಇದ್ದರೆ ಸಾಕು. ಸಂಜೆ ಹೊತ್ತು ಅರ್ಧ ಗಂಟೆ ಬಿಟ್ಟುಕೊಟ್ಟು ಅವರು ಇದನ್ನು ಮತ್ತೆ ಶುರು ಮಾಡಬೇಕು.