ಹದಿನಾಲ್ಕು ಸರ್ವರ್, ಒಂದು ಸಮಿತಿ, ಒಂದು ಹಸು

ನಮ್ಮ ಆಫೀಸಿನಲ್ಲಿ 14 ಸರ್ವರ್‌ಗಳಿವೆ. ಎಲ್ಲದರ ಸೆಟ್ಟಿಂಗ್, ಸಾಫ್ಟ್‌ವೇರ್ ಒಂದೇ ಅಚ್ಚಿನಲ್ಲಿ ಇಟ್ಟುಕೊಳ್ಳಲು ಯಾವ ಟೂಲ್ ತರಬೇಕು ಅಂತ ತೀರ್ಮಾನಿಸಲು 2019ರಲ್ಲಿ ಒಂದು ಸಮಿತಿ ಹುಟ್ಟಿತು. ಒಂಬತ್ತು ಜನ. ಅವರಲ್ಲಿ ಸರ್ವರ್‌ಗೆ ಲಾಗಿನ್ ಇದ್ದವರು ಇಬ್ಬರು. ಒಬ್ಬರಿಗೆ ಪಾಸ್‌ವರ್ಡ್ ಮರೆತುಹೋಗಿತ್ತು. ಇನ್ನೊಬ್ಬ ನಾನು.

ಅಲ್ಲಿಯವರೆಗೆ ಈ ಕೆಲಸ ಮಾಡುತ್ತಿದ್ದದ್ದು ನಮ್ಮ ಹಿರಿಯರೊಬ್ಬರು ಬರೆದ ಶೆಲ್ ಸ್ಕ್ರಿಪ್ಟ್, ಅಂದರೆ ಸಾಲಾಗಿ ಬರೆದಿಟ್ಟ ಕಮಾಂಡ್‌ಗಳು. 40 ಸಾಲು, ಅದನ್ನೇ ಮತ್ತೆ ಮತ್ತೆ ಮಾಡಿಸುವ ಒಂದು ಫಾರ್ ಲೂಪ್, ಅಷ್ಟೇ. "ಇದೂ ಒಂದು ಟೂಲಾ?" ಅಂತ ಸಮಿತಿ ಮೊದಲ ದಿನವೇ ನಕ್ಕಿತು. ಎದ್ದು ಹೋಗುವಾಗ, "ಸಾರ್, ಅಪ್‌ಡೇಟ್ ಬಂದಿದೆಯಂತೆ, ಅದನ್ನೊಂದು ಸಲ ಓಡಿಸಿಬಿಡಿ" ಎಂದಿತು.

ಮೊದಲು ಬಂದದ್ದು ಪಪೆಟ್, 2005ರ ಗೊಂಬೆ. ಪ್ರತಿ ಸರ್ವರ್‌ನಲ್ಲೂ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಂ ಕೂತು, ಅರ್ಧ ಗಂಟೆಗೊಮ್ಮೆ ಯಜಮಾನ ಯಂತ್ರದ ಹತ್ತಿರ ಹೋಗಿ "ಏನಪ್ಪಣೆ" ಅಂತ ಕೇಳಿಕೊಂಡು ಬರುತ್ತದೆ. ಆಮೇಲೆ 2009ರ ಶೆಫ್. ಇದರಲ್ಲಿ ಬರೆಯುವುದು ರೆಸಿಪಿ, ಕಟ್ಟಿಡುವುದು ಕುಕ್‌ಬುಕ್, ಕಮಾಂಡ್‌ನ ಹೆಸರು ನೈಫ್, ಪರೀಕ್ಷೆ ಮಾಡುವುದು ಕಿಚನ್‌ನಲ್ಲಿ. ಅಕೌಂಟ್ಸ್‌ನಿಂದ ಬಂದಿದ್ದ ಸದಸ್ಯರು ಗಂಭೀರವಾಗಿ, "ಇದು ಕ್ಯಾಂಟೀನ್ ಬಜೆಟ್‌ಗೆ ಬರಬೇಕಲ್ವಾ?" ಎಂದರು. ಯಾರೂ ನಗಲಿಲ್ಲ. ಆ ಪ್ರಶ್ನೆಗೆ ಎರಡು ಮೀಟಿಂಗ್ ಹಿಡಿಯಿತು.

ಮೂರನೆಯದು ಸಾಲ್ಟ್. 2020ರಲ್ಲಿ ಅದರಲ್ಲೊಂದು ತೂತು ಸಿಕ್ಕಿತು. ಮಾಸ್ಟರ್ ಯಂತ್ರವನ್ನು ಇಂಟರ್ನೆಟ್‌ಗೆ ತೆರೆದಿಟ್ಟಿದ್ದರೆ ಸಾಕು, ದಾರಿಹೋಕನೂ ಪಾಸ್‌ವರ್ಡ್ ಇಲ್ಲದೆ ಒಳಗೆ ಬಂದು ಎಲ್ಲ ಸರ್ವರ್‌ಗೂ ಅಪ್ಪಣೆ ಕೊಡಬಹುದಿತ್ತು. ಉಪ್ಪು ತಿಂದವರು ನೀರು ಕುಡಿದರು. ನಾವು ಬಚಾವಾದೆವು, ಜಾಣತನದಿಂದಲ್ಲ, ನಿರ್ಧಾರ ಆಗಿರಲಿಲ್ಲವಲ್ಲ.

ಹೋಲಿಕೆಗೆ ಒಂದು ಎಕ್ಸೆಲ್ ಶೀಟ್ ಇತ್ತು. 63 ಕಾಲಮ್. 'ಲ್ಯಾಪ್‌ಟಾಪ್‌ಗೆ ಅಂಟಿಸುವ ಸ್ಟಿಕ್ಕರ್' ಅನ್ನುವ ಕಾಲಮ್ ಮಾತ್ರ ಇರಲಿಲ್ಲ. ಮಾರ್ಕ್ಸ್ ಬಿದ್ದದ್ದು ಅದಕ್ಕೇ.

ನಾವು ಹೀಗೆ ಅಳೆದು ತೂಗುತ್ತಿರುವಾಗ ಅಂಗಡಿಗಳೇ ಕೈ ಬದಲಾದವು. 2020ರಲ್ಲಿ ಶೆಫ್ ಅನ್ನು ಪ್ರೋಗ್ರೆಸ್ ಎಂಬ ಕಂಪನಿ ಕೊಂಡಿತು. ಅದೇ ವರ್ಷ ಸಾಲ್ಟ್ ವಿಎಂವೇರ್ ಪಾಲಾಯಿತು. 2022ರಲ್ಲಿ ಪಪೆಟ್ ಪರ್ಫೋರ್ಸ್‌ಗೆ ಹೋಯಿತು. 2023ರಲ್ಲಿ ವಿಎಂವೇರನ್ನೇ ಬ್ರಾಡ್‌ಕಾಮ್ ನುಂಗಿತು. ಪ್ರತಿ ಸಲವೂ 'ಮಾಲೀಕರು' ಕಾಲಮ್ ತಿದ್ದಿ, ಅಂಕ ಮತ್ತೆ ಶುರು. ಈ ಟೂಲ್‌ಗಳ ದೊಡ್ಡ ಗುಣ ಐಡೆಂಪೊಟೆನ್ಸಿಯಂತೆ. ಅಂದರೆ ಎಷ್ಟು ಸಲ ಓಡಿಸಿದರೂ ಸ್ಥಿತಿ ಅದೇ ಇರಬೇಕು. ನಮ್ಮ ಸಮಿತಿಗೆ ಈ ಗುಣ ಹುಟ್ಟಿನಿಂದಲೇ ಬಂದಿತ್ತು.

ಉಳಿದದ್ದು ಆನ್ಸಿಬಲ್. ಏಜೆಂಟ್ ಬೇಡ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಾಕು. ಎಲ್ಲವನ್ನೂ ಯಾಮಲ್ ಎಂಬ ಬರವಣಿಗೆ ಪದ್ಧತಿಯಲ್ಲಿ ಬರೆಯಬೇಕು. ಒಂದು ಸ್ಪೇಸ್ ಜಾಸ್ತಿಯಾದರೆ ಇಡೀ ಫೈಲ್ ಮುನಿಸಿಕೊಳ್ಳುತ್ತದೆ. ನಾರ್ವೆಯ ಸಂಕೇತ 'ಎನ್‌ಓ' ಅನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ, ಅದು 'ನೋ', ಅಂದರೆ 'ಇಲ್ಲ', ಎಂದು ಓದಿಕೊಂಡು ನಾರ್ವೆಯೇ ಸುಳ್ಳು ಎನ್ನುತ್ತದೆ. ಈ ಜಾತಿಯ ಟೂಲ್‌ಗಳ ಅಜ್ಜ ಸಿಎಫ್‌ಎಂಜಿನ್ 1993ರಲ್ಲಿ ಹುಟ್ಟಿದ್ದು ಓಸ್ಲೋ ವಿಶ್ವವಿದ್ಯಾಲಯದಲ್ಲಿ. ಮೊಮ್ಮಗ ಅಜ್ಜನ ಊರನ್ನೇ ಒಪ್ಪುವುದಿಲ್ಲ!

ಡೆಮೊ ದಿನ ನನ್ನ ಲ್ಯಾಪ್‌ಟಾಪ್‌ನಲ್ಲಿ ಕೌಸೇ ಎಂಬ ತಮಾಷೆಯ ಪ್ರೋಗ್ರಾಂ ಇತ್ತು. ಅದು ಕಂಡರೆ ಆನ್ಸಿಬಲ್ ಪ್ರತಿ ಹೆಜ್ಜೆಯನ್ನೂ ಹಸುವಿನ ಬಾಯಿಂದ ಹೇಳಿಸುತ್ತದೆ. ಪರದೆಯ ಮೇಲೆ ಗೆರೆ, ಚುಕ್ಕಿಗಳ ಹಸು ಬಂದು ನಿಂತಿತು. ನಾಲ್ಕು ವರ್ಷ ಬಾಯಿ ಬಿಡದ ನಿರ್ದೇಶಕರು ಮುಂದಕ್ಕೆ ಬಾಗಿ, "ಇದೇ ಇರಲಿ" ಎಂದರು.

ಮರುವಾರ ಮೊದಲ ಪ್ಲೇಬುಕ್, ಅಂದರೆ ಆನ್ಸಿಬಲ್ ಮಾಡಬೇಕಾದ ಕೆಲಸಗಳ ಪಟ್ಟಿ, ಬರೆದೆ. ಅದರಲ್ಲಿ ಇರುವುದು ಒಂದೇ ಕೆಲಸ: 14 ಸರ್ವರ್‌ಗಳಲ್ಲೂ ಹಿರಿಯರ ಆ ಸ್ಕ್ರಿಪ್ಟ್ ಓಡಿಸುವುದು. ಹೀಗೆ ಸ್ಕ್ರಿಪ್ಟ್ ಓಡಿಸಿದರೆ ಆನ್ಸಿಬಲ್‌ಗೆ ಒಳಗೆ ಏನಾಯಿತು ಅಂತ ಗೊತ್ತಾಗುವುದಿಲ್ಲ, ಸುಮ್ನೆ ಹಳದಿ ಅಕ್ಷರದಲ್ಲಿ 'ಬದಲಾಗಿದೆ' ಎಂದು ಬರೆಯುತ್ತದೆ. 14 ಸಾಲು ಹಳದಿ. ಮ್ಯಾನೇಜರ್ ಅದರ ಸ್ಕ್ರೀನ್‌ಶಾಟ್ ತೆಗೆದು ನಿರ್ದೇಶಕರಿಗೆ ಕಳಿಸಿದರು: "ಒಂದೇ ದಿನದಲ್ಲಿ 14 ಬದಲಾವಣೆ, ಸಾರ್."

ಹಿರಿಯರು ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ಹಸು ಚೆನ್ನಾಗಿದೆ ಕಣಯ್ಯ" ಎಂದು ಕಾಫಿಗೆ ಹೋದರು.