ಕೊಲಾಚಿ ಬೇರೆ, ಕ್ಲೊಬಾಸ್ನಿಕ್ ಬೇರೆ

ಅಮೆರಿಕದ ಟೆಕ್ಸಾಸ್‌ನಲ್ಲಿ ಡಾಲಸ್‌ನಿಂದ ಆಸ್ಟಿನ್‌ಗೆ ಹೋಗುವ ಐ-35 ಹೆದ್ದಾರಿಯಲ್ಲಿ ವೆಸ್ಟ್ ಅಂತ ಒಂದು ಪುಟ್ಟ ಊರಿದೆ. ಚೆಕ್ ಮೂಲದವರು ಜಾಸ್ತಿ ಇರುವ ಊರು. ಆ ಕಡೆ ಹೋದಾಗೆಲ್ಲ ಕಾರು ನಿಲ್ಲಿಸುತ್ತೇವೆ. ಮಗಳಿಗೆ ಕೊಲಾಚಿ, ಅಂದರೆ ನಡುವೆ ಹಣ್ಣು ಇಟ್ಟ ಸಿಹಿ ಬನ್ನು. ನನಗೆ ಸಾಸೇಜ್ ತುಂಬಿದ ಬನ್ನು. ಟೆಕ್ಸಾಸ್‌ನ ಡೋನಟ್ ಅಂಗಡಿಗಳಲ್ಲಿ ಇದನ್ನೂ ಕೊಲಾಚಿ ಅಂತಲೇ ಮಾರುತ್ತಾರೆ. ಅದು ಸರಿಯಲ್ಲ. ಇದರ ಹೆಸರು ಕ್ಲೊಬಾಸ್ನಿಕ್.

ಇಲ್ಲಿಗೆ ಬರುವ ಮುಂಚೆ ಆರು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿನ ಸಾಸೇಜ್ ರೋಲ್ ನೋಡಿದರೆ ನಮ್ಮ ಬೇಕರಿ ಪಫ್ ನೆನಪಾಗುತ್ತದೆ. ಅದೇ ಥರ ಪದರ ಪದರ. ಒಳಗೆ ಇಡೀ ಸಾಸೇಜ್ ಇರುವುದಿಲ್ಲ, ಮಸಾಲೆ ಬೆರೆಸಿದ ಹಸಿ ಕೈಮಾ ಇಟ್ಟು ಸುತ್ತಿ ಬೇಯಿಸುತ್ತಾರೆ. ಕೊಬ್ಬು ಕರಗಿ ಕೆಳಗಿನ ಪದರಕ್ಕೆ ಇಳಿಯುತ್ತದೆ. ರುಚಿಯೆಲ್ಲ ಅಲ್ಲೇ. 2019ರಲ್ಲಿ ಗ್ರೆಗ್ಸ್ ಅಂಗಡಿಯವರು ಮಾಂಸವಿಲ್ಲದ್ದನ್ನೂ ತಂದರು, ಆಮೇಲೆ ನನ್ನ ಹೆಂಡತಿಯೂ ತಿಂದಳು. ‘ಪಿಗ್ಸ್ ಇನ್ ಬ್ಲಾಂಕೆಟ್ಸ್’ ಕಥೆ ಬೇರೆ. ಇಂಗ್ಲೆಂಡಿನ ಕ್ರಿಸ್‌ಮಸ್ ಊಟದಲ್ಲಿ ಅದಕ್ಕೆ ಹಿಟ್ಟೇ ಇಲ್ಲ, ಸಣ್ಣ ಸಾಸೇಜಿಗೆ ಬೇಕನ್, ಅಂದರೆ ಉಪ್ಪು ಹಿಡಿಸಿದ ಹಂದಿ ಮಾಂಸದ ತೆಳು ಪಟ್ಟಿ, ಸುತ್ತಿರುತ್ತಾರೆ. ಅಮೆರಿಕದಲ್ಲಿ ಅದೇ ಹೆಸರಿಗೆ ಹಿಟ್ಟು ಸುತ್ತಿದ ಪುಟ್ಟ ಸಾಸೇಜ್ ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಕ್ಲೊಬಾಸ್ನಿಕ್. ಯೀಸ್ಟ್ ಹಾಕಿ ಉಬ್ಬಿಸಿದ ಮೆತ್ತನೆ ಹಿಟ್ಟು, ಸ್ವಲ್ಪ ಸಿಹಿ. ಒಳಗೆ ಹೊಗೆ ಹಿಡಿಸಿದ ಖಾರದ ಸಾಸೇಜ್. ಕೆಲವು ಕಡೆ ಚೀಸ್, ಹಲಪೆನ್ಯೋ ಮೆಣಸಿನಕಾಯಿ ಕೂಡ. ಸಿಹಿ ಕೊಲಾಚಿಯನ್ನು ಚೆಕ್ ಜನ 19ನೇ ಶತಮಾನದಲ್ಲಿ ವಲಸೆ ಬಂದಾಗ ತಮ್ಮ ಜೊತೆಗೇ ತಂದರು. ಕ್ಲೊಬಾಸ್ನಿಕ್ ಹಾಗಲ್ಲ. ಅದು ಟೆಕ್ಸಾಸ್‌ನಲ್ಲೇ ಹುಟ್ಟಿದ್ದು. ವೆಸ್ಟ್‌ನಲ್ಲಿ 1952ರಲ್ಲಿ ಶುರುವಾದ ವಿಲೇಜ್ ಬೇಕರಿಯವರೇ ಮೊದಲು ಮಾಡಿದರು ಅನ್ನುತ್ತಾರೆ. ಊರು ಬಿಟ್ಟು ಬಂದವರ ಮಕ್ಕಳು ಹೊಸ ನೆಲದಲ್ಲಿ ಒಂದು ತಿಂಡಿ ಕಟ್ಟಿ, ಅದಕ್ಕೆ ತಮ್ಮ ಭಾಷೆಯಲ್ಲೇ ಹೆಸರಿಟ್ಟರು. ಹೊರನಾಡಲ್ಲಿರುವ ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ.

ಒಂದೇ ಹೆಸರಿಗೆ ಎರಡು ತಿಂಡಿ ನಮ್ಮಲ್ಲೂ ಇವೆ, ಅಲ್ವಾ? ನಾನು ಮೂಡಿಗೆರೆ ಕಡೆಯವನು. ನಮಗೆ ಕಡುಬು ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿತರಿ ಉಂಡೆ, ಹಂದಿ ಸಾರಿನ ಜೊತೆ. ಹೆಂಡತಿಯ ಧಾರವಾಡದಲ್ಲಿ ಹೂರಣದ ಕಡುಬು. ಎರಡೂ ಹಳೆಯವು, ಯಾವುದೂ ಇನ್ನೊಂದರ ಹೆಸರು ಕಿತ್ತುಕೊಂಡಿಲ್ಲ. ಇಲ್ಲಿ ಹಾಗಲ್ಲ, ಇದ್ದ ಎರಡು ಹೆಸರಲ್ಲಿ ಒಂದು ಮರೆಯಾಗುತ್ತಿದೆ.

ಡೋನಟ್ ಅಂಗಡಿಯಲ್ಲೂ ನಾನು ಕ್ಲೊಬಾಸ್ನಿಕ್ ಅಂತಲೇ ಕೇಳುತ್ತೇನೆ. ಅರ್ಥವಾಗದಿದ್ದರೆ ಬೆರಳು ತೋರಿಸಿ, ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ.