ಶಾಮಿಯಾನದ ಬಿಲ್ಲು ಯಾರ ಹೆಸರಿಗೆ?

ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿಗೆ ಮತ್ತೊಂದು ಮನವಿ ಬಂದಿದೆ. ನಿಮ್ಮ ಗ್ರೂಪಿಗೂ ಬಂದಿರುತ್ತದೆ, ಬಿಡಿ. ‘ಬೆಂಗಳೂರಿನ ಸಾಮಾನ್ಯ ನಾಗರಿಕರಾದ ನಾವು ತೀವ್ರ ಕಳವಳಗೊಂಡಿದ್ದೇವೆ’ ಅಂತ ಶುರು. ಕೆಳಗೆ ಒಂದು ಲಿಂಕ್. ಒತ್ತಿದರೆ ಸರ್ಕಾರಕ್ಕೆ ಹೋಗಬೇಕಾದ ಇಮೇಲ್ ರೆಡಿ. ನಮ್ಮ ನೋವು, ನಮ್ಮ ಸಿಟ್ಟು, ನಮ್ಮ ಬೇಡಿಕೆ ಎಲ್ಲವನ್ನೂ ಅವರೇ ಬರೆದಿಟ್ಟಿದ್ದಾರೆ. ನಾವು ಹೆಸರು ತುಂಬಿದರೆ ಸಾಕು. ಯಾವುದೋ ನಿಯಮ ಬಂದರೆ ಯಾವುದೋ ಉದ್ಯಮಕ್ಕೆ ಪೆಟ್ಟು ಬೀಳುತ್ತದಂತೆ. ಆ ಉದ್ಯಮದ ಹೆಸರು ಮಾತ್ರ ಇಡೀ ಪತ್ರದಲ್ಲಿ ಎಲ್ಲೂ ಇಲ್ಲ. ಕಳವಳ ಪೂರ್ತಿ ನಮ್ಮದೇ.

ಈ ಸಾಮಾನ್ಯ ನಾಗರಿಕರ ಮೇಲೆ ನನಗೆ ಭಾರಿ ಗೌರವ. ನಮ್ಮ ಬೀದಿಯ ದೀಪ ಹೋದರೆ ಒಂದು ಅರ್ಜಿ ಬರೆಯೋದಕ್ಕೆ ನಮಗೆ ಪುರುಸೊತ್ತಿಲ್ಲ. ಇವರು ನೋಡಿ, ಊರವರ ಆಕ್ರೋಶವನ್ನೆಲ್ಲ ತಾವೇ ಹೊತ್ತುಕೊಂಡು, ಟೈಪ್ ಮಾಡಿ, ಸ್ಪೆಲ್ಲಿಂಗ್ ಸರಿಮಾಡಿ, ಮನೆ ಬಾಗಿಲಿಗೆ ತಂದುಕೊಡುತ್ತಾರೆ.

ನಿಜವಾದ ನಾಗರಿಕರ ಸಂಘ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಹೆಸರು ಒಂದೂವರೆ ಸಾಲು ಉದ್ದ. ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮಾತಿಲ್ಲ. ಖಜಾಂಚಿ ಹೋದ ವರ್ಷದ ರಾಜ್ಯೋತ್ಸವದ ಲೆಕ್ಕ ಇನ್ನೂ ಕೊಟ್ಟಿಲ್ಲ, ಕೇಳಿದರೆ ರಾಜೀನಾಮೆ ಕೊಡ್ತೀನಿ ಅಂತಾರೆ, ಕೊಡೋದಿಲ್ಲ. ಫ್ಲೆಕ್ಸಿನಲ್ಲಿ ‘ಪ್ರತಿಭಟನೆ’ ಅಂತ ಬರೆಸುವಾಗ ‘ಭ’ದ ಹೊಟ್ಟೆ ಸೀಳುವುದನ್ನು ಮರೆತಿರುತ್ತಾರೆ. ಅದನ್ನು ಒಬ್ಬ ನಿವೃತ್ತ ಮೇಷ್ಟ್ರು ಎತ್ತಿ ತೋರಿಸುತ್ತಾರೆ. ಅಲ್ಲಿಂದ ಜಗಳ. ಜಗಳದಲ್ಲಿ ಅರ್ಧ ಜನ ಹೊರಗೆ ಹೋಗಿ, ಅದೇ ಹೆಸರಿನ ಮುಂದೆ ‘ಮೂಲ’ ಅಂತ ಸೇರಿಸಿ ಇನ್ನೊಂದು ಸಂಘ ಕಟ್ಟುತ್ತಾರೆ. ಕೊನೆಗೆ ಪ್ರತಿಭಟನೆ ನಡೆದ ದಿನ ಮೈಕು ಕುಯ್ಯೋ ಅನ್ನುತ್ತದೆ. ಕುರ್ಚಿ ಗಣೇಶೋತ್ಸವ ಸಮಿತಿಯದು. ಶಾಮಿಯಾನದವನಿಗೆ ಬಾಕಿ ಉಳಿದಿರುತ್ತದೆ, ಅವನೂ ಅದೇ ಬೀದಿಯವನಾದ್ದರಿಂದ ತಾನೂ ಒಂದು ಧಿಕ್ಕಾರ ಕೂಗಿ ಸುಮ್ಮನಾಗುತ್ತಾನೆ.

ಈಗಿನ ಹೊಸ ವೇದಿಕೆಗಳಲ್ಲಿ ಇಂಥ ಯಾವ ತಾಪತ್ರಯವೂ ಇಲ್ಲ. ಹುಟ್ಟಿ ಇನ್ನೂ ಹಾಲುಗಲ್ಲ ಮಾಸಿಲ್ಲ, ಆಗಲೇ ಲೋಗೋ ಇದೆ. ಎರಡು ಕೈ, ನಡುವೆ ಒಂದು ಎಲೆ. ಸ್ಟಾರ್ ಹೋಟೆಲಿನಲ್ಲಿ ಪತ್ರಿಕಾಗೋಷ್ಠಿ, ಆಮೇಲೆ ಬಫೆ. ವಕ್ತಾರರು ಇದ್ದಾರೆ, ಸದಸ್ಯರು ಯಾರು ಅಂತ ಕೇಳಬೇಡಿ. ಮುಖ್ಯವಾಗಿ, ಒಳಜಗಳ ಇಲ್ಲ. ಜಗಳವೇ ಇಲ್ಲದ ಸಂಘವನ್ನು ನೀವು ಬೆಂಗಳೂರಿನಲ್ಲಿ ನೋಡಿದ್ದೀರಾ? ನಾನಂತೂ ನೋಡಿಲ್ಲ. ನನ್ನ ಅನುಮಾನ ಶುರುವಾಗೋದೇ ಅಲ್ಲಿಂದ.

ಕಂಪನಿ ದುಡ್ಡು ಹಾಕಿ ಜನರ ಹೆಸರಿನಲ್ಲಿ ಸಂಘ ಕಟ್ಟುವ ಈ ವಿದ್ಯೆ ಹಳೆಯದು. ಅಮೆರಿಕದಲ್ಲಿ 1993ರಲ್ಲಿ ಸೇದುವವರ ಹಕ್ಕಿಗಾಗಿ ‘ನ್ಯಾಷನಲ್ ಸ್ಮೋಕರ್ಸ್ ಅಲೈಯನ್ಸ್’ ಅಂತ ಒಂದು ಸಂಘ ಹುಟ್ಟಿತು. ಕಟ್ಟಿಕೊಟ್ಟಿದ್ದು ಬರ್ಸನ್ ಮಾರ್ಸ್ಟೆಲ್ಲರ್ ಎಂಬ ಪ್ರಚಾರ ಕಂಪನಿ, ದುಡ್ಡು ಫಿಲಿಪ್ ಮಾರಿಸ್ ಸಿಗರೇಟಿನದು. ಅದಕ್ಕೂ ಮೊದಲು, 1984ರಲ್ಲಿ, ಅಂತರರಾಷ್ಟ್ರೀಯ ತಂಬಾಕು ಬೆಳೆಗಾರರ ಸಂಘ ಬಂದಿತ್ತು. ಹೆಸರು ರೈತರದು, ಹಣ ಸಿಗರೇಟು ಕಂಪನಿಗಳದು. ಕಂಪನಿಗಳ ಹಳೆಯ ಕಾಗದಪತ್ರ ಹೊರಬಿದ್ದಾಗ ಇದು ಗೊತ್ತಾಯಿತು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಯಲ್ಲಿ ರೇಟು ಬಿದ್ದಾಗ ರೈತ ಗೋಳಾಡೋದು ಯಾರ ಎದುರಿಗೆ? ಕೊಳ್ಳುವ ಕಂಪನಿಗಳ ಎದುರಿಗೇ ಅಲ್ವಾ? ನಿಯಮ ಬಿಗಿಯಾಗುತ್ತದೆ ಅಂದ ಕೂಡಲೇ ಇಬ್ಬರೂ ಒಂದೇ ತಾಯಿಯ ಮಕ್ಕಳು.

ಆದರೆ ಈ ಸಾಲಿನಲ್ಲಿ ನನಗೆ ತುಂಬ ಇಷ್ಟವಾದದ್ದು 2001ರ ಕಥೆ. ಆಗ ಅಮೆರಿಕ ಸರ್ಕಾರಕ್ಕೂ ಮೈಕ್ರೋಸಾಫ್ಟಿಗೂ ಏಕಸ್ವಾಮ್ಯದ ವಿಷಯಕ್ಕೆ ಕೋರ್ಟಿನಲ್ಲಿ ಕುಸ್ತಿ. ರಾಜ್ಯಗಳ ಅಟಾರ್ನಿ ಜನರಲ್‌ಗಳಿಗೆ ಸಾಮಾನ್ಯ ಪ್ರಜೆಗಳಿಂದ ಪತ್ರಗಳು ಬರತೊಡಗಿದವು. ಮೈಕ್ರೋಸಾಫ್ಟನ್ನು ಬಿಟ್ಟುಬಿಡಿ ಸ್ವಾಮಿ ಅಂತ. ಪತ್ರದಿಂದ ಪತ್ರಕ್ಕೆ ಕಾಗದ ಬೇರೆ, ಅಕ್ಷರದ ಶೈಲಿ ಬೇರೆ. ಅಷ್ಟು ಶ್ರದ್ಧೆ. ಇದರ ಹಿಂದೆ ಇದ್ದದ್ದು ‘ಅಮೆರಿಕನ್ಸ್ ಫಾರ್ ಟೆಕ್ನಾಲಜಿ ಲೀಡರ್‌ಶಿಪ್’ ಎಂಬ ಗುಂಪು, ಅದಕ್ಕೆ ಹಣ ಹಾಕಿದವರಲ್ಲಿ ಮೈಕ್ರೋಸಾಫ್ಟೂ ಒಂದು. ಯೂಟಾ ರಾಜ್ಯದ ಕಚೇರಿಯಲ್ಲಿ ನೋಡುತ್ತಾರೆ, ಎರಡು ಪತ್ರ ಸತ್ತುಹೋದವರ ಹೆಸರಿನಲ್ಲಿವೆ. ಇನ್ನೊಂದು ಬಂದದ್ದು ಯೂಟಾದ ಟೂಸಾನ್ ಊರಿನಿಂದ. ಯೂಟಾದಲ್ಲಿ ಆ ಹೆಸರಿನ ಊರೇ ಇಲ್ಲ.

ನಾವು ಪಿತೃಪಕ್ಷದಲ್ಲಿ ವಡೆ, ಪಾಯಸ ಮಾಡಿ, ಎಡೆ ಇಟ್ಟು, ತಾರಸಿ ಮೇಲೆ ನಿಂತು ಕಾ ಕಾ ಅಂತ ಗಂಟಲು ಹರಿದುಕೊಳ್ಳುತ್ತೇವೆ. ಒಂದು ಕಾಗೆ ಬರೋದಿಲ್ಲ. ಈಗ ಬೆಂಗಳೂರಿನಲ್ಲಿ ಕಾಗೆಯೂ ಕಮ್ಮಿ, ಪಾರಿವಾಳ ಬಂದು ತಿಂದು ಹೋಗುತ್ತದೆ, ಅದಕ್ಕೆ ನಮ್ಮ ವಂಶದ ಪರಿಚಯವೇ ಇಲ್ಲ. ಅಲ್ಲಿ ನೋಡಿ, ಒಂದು ಸಾಫ್ಟ್‌ವೇರ್ ಕಂಪನಿಗೆ ಕಷ್ಟ ಬಂತು ಅಂದದ್ದೇ ಪಿತೃಗಳು ಪೆನ್ನು ಹಿಡಿದರು. ನಮ್ಮ ತಾತ ಬದುಕಿದ್ದಾಗಲೂ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೆದವರಲ್ಲ. ಈಗ ಮೇಲಿನಿಂದ ಬರೆಯುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಒಂದು ಸಮಾಧಾನ ಏನೆಂದರೆ ಮತದಾರರ ಪಟ್ಟಿಯಲ್ಲಿ ಹೆಸರು ಇನ್ನೂ ಇರಬಹುದು.

ಕಂಪ್ಯೂಟರ್ ಬಂದ ಮೇಲೆ ಸತ್ತವರಿಗೂ ಕೆಲಸ ಕಮ್ಮಿಯಾಯಿತು. 2017ರಲ್ಲಿ ಅಮೆರಿಕದ ಸಂಪರ್ಕ ಆಯೋಗ, ಬ್ರಾಡ್‌ಬ್ಯಾಂಡ್ ಕಂಪನಿಗಳ ಮೇಲಿದ್ದ ಇಂಟರ್ನೆಟ್ ನಿಯಮ ತೆಗೆದುಹಾಕುವ ಬಗ್ಗೆ ಜನಾಭಿಪ್ರಾಯ ಕೇಳಿತು. ಸುಮಾರು 2.2 ಕೋಟಿ ಅಭಿಪ್ರಾಯ ಬಂತು. 2021ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ವರದಿ ಕೊಟ್ಟರು: ಅದರಲ್ಲಿ ಹೆಚ್ಚುಕಡಿಮೆ 1.8 ಕೋಟಿ ಸುಳ್ಳು. 85 ಲಕ್ಷ ಬ್ರಾಡ್‌ಬ್ಯಾಂಡ್ ಕಂಪನಿಗಳ ದುಡ್ಡಿನಿಂದ ಹುಟ್ಟಿದ್ದು. ಜನರಿಗೆ ಬಹುಮಾನದ ಆಸೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಿ ಅಂತ ಏಜೆಂಟರಿಗೆ ಕಾಂಟ್ರಾಕ್ಟ್ ಕೊಟ್ಟಿದ್ದರು. ಏಜೆಂಟರು ಅಷ್ಟು ಕಷ್ಟವನ್ನೂ ಪಡಲಿಲ್ಲ. ಬಹುತೇಕರು ಕೂತಲ್ಲೇ ಒಪ್ಪಿಗೆ ಸೃಷ್ಟಿಸಿದರು. ಮೋಸದಲ್ಲೂ ಮೋಸ. ಇನ್ನೊಂದು 77 ಲಕ್ಷವನ್ನು 19 ವರ್ಷದ ಒಬ್ಬ ಕಾಲೇಜು ಹುಡುಗ ಒಬ್ಬನೇ ಹಾಕಿದ್ದ, ಅದೂ ಕಂಪನಿಗಳ ಎದುರು ಪಕ್ಷದಲ್ಲಿ. ನ್ಯಾಯವಾಗಿ ಅವನನ್ನೂ ಬೈಯಬೇಕು, ಬೈದಿದ್ದೇನೆ ಅಂತ ತಿಳಿದುಕೊಳ್ಳಿ.

ನಮ್ಮಲ್ಲೂ 2015ರ ಡಿಸೆಂಬರ್ ನೆನಪಿದೆಯಾ? ಫೇಸ್‌ಬುಕ್ ತೆರೆದರೆ ಸಾಕು, ಫ್ರೀ ಬೇಸಿಕ್ಸ್ ಉಳಿಸಿ, ನಿಮ್ಮ ದೊಡ್ಡಪ್ಪನ ಮಗ ಆಗಲೇ ಟ್ರಾಯ್‌ಗೆ ಬರೆದಾಯಿತು, ನೀವು ಯಾವಾಗ ಅನ್ನೋ ಥರ ಪೀಡೆ. ಫ್ರೀ ಬೇಸಿಕ್ಸ್ ಅಂದರೆ ಆಯ್ದ ಕೆಲವೇ ವೆಬ್‌ಸೈಟುಗಳನ್ನು ಪುಕ್ಕಟೆ ಕೊಡುವ ಫೇಸ್‌ಬುಕ್ಕಿನ ಯೋಜನೆ, ಟ್ರಾಯ್ ಅಂದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ. ಟ್ರಾಯ್ ಕೇಳಿದ್ದು ಡೇಟಾ ದರದ ಬಗ್ಗೆ ನಾಲ್ಕು ಪ್ರಶ್ನೆ. ಲಕ್ಷಗಟ್ಟಲೆ ಬಂದ ಉತ್ತರ, ನಮಗೆ ಫ್ರೀ ಬೇಸಿಕ್ಸ್ ಇಷ್ಟ ಅಂತ. ಟ್ರಾಯ್‌ಗೇ ಸಿಟ್ಟು ಬಂದು ಫೇಸ್‌ಬುಕ್ಕಿಗೆ ಖಾರವಾಗಿ ಪತ್ರ ಬರೆಯಿತು. 2016ರ ಫೆಬ್ರವರಿ 8ಕ್ಕೆ ಅಂಥ ತಾರತಮ್ಯದ ದರಗಳನ್ನೇ ನಿಷೇಧಿಸಿತು. ಒಂದು ಮಾತು ಒಪ್ಪಬೇಕು, ಫೇಸ್‌ಬುಕ್ ಇದನ್ನು ತನ್ನ ಹೆಸರಿನಲ್ಲೇ ಮಾಡಿತು. ‘ಬಡ ರೈತರ ಇಂಟರ್ನೆಟ್ ಹಿತರಕ್ಷಣಾ ಸಮಿತಿ’ ಅಂತ ಬೋರ್ಡು ಹಾಕಿಕೊಳ್ಳಲಿಲ್ಲ.

ಇನ್ನು ಜನರನ್ನು ಬಾಡಿಗೆಗೆ ತರುವ ವಿಷಯ. ಇದರಲ್ಲಿ ನಾವು ಕರ್ನಾಟಕದವರು ಯಾರಿಗೂ ಕಮ್ಮಿ ಇಲ್ಲ. ಅರಮನೆ ಮೈದಾನದ ಸಮಾವೇಶಕ್ಕೆ ಬಸ್ಸಿನಲ್ಲಿ ಬಂದವರನ್ನು ಸುಮ್ನೆ ಮಾತಾಡಿಸಿ ನೋಡಿ. ಐನೂರು ಕೊಟ್ಟರು, ಬಿರಿಯಾನಿ ಇದೆ ಅಂದರು, ಬಂದ್ವಿ ಅಂತಾರೆ. ಯಾವ ಪಕ್ಷದ್ದು ಅಂತ ಕೇಳಿದರೆ ಹೆಗಲ ಮೇಲಿನ ಶಾಲಿನ ಬಣ್ಣ ನೋಡಿಕೊಂಡು ಹೇಳುತ್ತಾರೆ. ಇಂಥ ಪ್ರಾಮಾಣಿಕತೆ ಎಲ್ಲಿ ಸಿಗುತ್ತದೆ? ಬಾಡಿಗೆ ಕೊಡುವವರು ಗೊತ್ತು, ರೇಟು ಗೊತ್ತು, ಸ್ಟೇಜಿನ ಮೇಲಿರುವ ನಾಯಕರಿಗೂ ಗೊತ್ತು. ಬಿರಿಯಾನಿಯಲ್ಲಿ ಪೀಸ್ ಕಮ್ಮಿ ಬಿದ್ದರೆ ಭಾಷಣದ ಮಧ್ಯೆಯೇ ಎದ್ದು ಹೋಗುತ್ತಾರೆ. ಜನಾದೇಶ ಅಂದರೆ ಅದು.

ನ್ಯೂ ಆರ್ಲೀನ್ಸ್ ನಗರದಲ್ಲಿ ಇದನ್ನೇ ಕದ್ದುಮುಚ್ಚಿ ಮಾಡಿದರು. ಅಲ್ಲಿ ಎಂಟರ್ಜಿ ಎಂಬ ವಿದ್ಯುತ್ ಕಂಪನಿಗೆ ಹೊಸ ಗ್ಯಾಸ್ ಸ್ಥಾವರ ಬೇಕಿತ್ತು. ನಗರ ಪಾಲಿಕೆಯ ವಿಚಾರಣೆಗೆ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ನಾಗರಿಕರು ಬಂದು ಕುರ್ಚಿ ತುಂಬಿಸಿದರು. 2018ರಲ್ಲಿ ಅಲ್ಲಿನ ಪತ್ರಕರ್ತರು ಹೊರಗೆಡವಿದರು, ಅವರಲ್ಲಿ ಹಲವರು ನಟರು. ಸುಮ್ಮನೆ ಕೂತು ಚಪ್ಪಾಳೆ ತಟ್ಟಿದರೆ 60 ಡಾಲರ್, ಎದ್ದು ನಿಂತು ಡೈಲಾಗ್ ಹೇಳಿದರೆ 200. ಯಾರಿಗೂ ಹೇಳಬಾರದು ಅಂತ ಕರಾರಿಗೆ ಸಹಿ ಬೇರೆ. ಕಂಪನಿ ಏನಂತು ಅಂದರೆ, ನಮಗೆ ಗೊತ್ತೇ ಇಲ್ಲ, ಕಾಂಟ್ರಾಕ್ಟರು ಮಾಡಿದ್ದು. ಈ ವಾಕ್ಯವನ್ನು ನಮ್ಮ ರಸ್ತೆಗುಂಡಿಗಳ ಬಳಿ ನಿಂತು ನಾವು ಎಷ್ಟು ಸಲ ಕೇಳಿಲ್ಲ! ಗೊತ್ತಿತ್ತು, ಇಲ್ಲವೇ ಗೊತ್ತಿರಬೇಕಿತ್ತು ಅಂತ ತನಿಖೆ ಹೇಳಿತು. 50 ಲಕ್ಷ ಡಾಲರ್ ದಂಡ ಬಿತ್ತು. ಸ್ಥಾವರ? ಅದು 2020ರಲ್ಲಿ ಶುರುವಾಯಿತು. ಕರೆಂಟು ಕೊಡುತ್ತಿದೆ.

ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವವರಿಗೆ ಇನ್ನೊಂದು ದೃಶ್ಯ ಪರಿಚಿತ. ಹೊಸ ಟೀ ಶರ್ಟು, ಹೊಸ ಗ್ಲೌಸು, ಸ್ವಚ್ಛತಾ ಅಭಿಯಾನ. ಆರಿಸುವ ಕಸದಲ್ಲಿ ಮುಕ್ಕಾಲು ಭಾಗ ಪ್ಲಾಸ್ಟಿಕ್ ಬಾಟಲಿ. ಆರಿಸಿ ಸುಸ್ತಾದವರಿಗೆ ಕುಡಿಯಲು ಪ್ರಾಯೋಜಕರು ಕೊಡುವುದೂ ಪ್ಲಾಸ್ಟಿಕ್ ಬಾಟಲಿ. ಬಂದ ಹುಡುಗ ಹುಡುಗಿಯರ ಬಗ್ಗೆ ನನಗೆ ತಕರಾರಿಲ್ಲ, ಪಾಪ, ನಿದ್ದೆ ಬಿಟ್ಟು ಬಂದಿರುತ್ತಾರೆ. ತಕರಾರು ಬ್ಯಾನರಿನ ಬಗ್ಗೆ: ‘ಕಸ ಹಾಕುವವರು ನೀವೇ, ಬದಲಾಗಬೇಕಾದವರೂ ನೀವೇ.’

ಈ ಉಪದೇಶಕ್ಕೂ ಒಂದು ಚರಿತ್ರೆ ಇದೆ. 1953ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ, ವಾಪಸು ಕೊಡಲಾಗದ ಬಿಯರ್ ಬಾಟಲಿ ಮಾರಬಾರದು ಅಂತ ಕಾನೂನು ಮಾಡಿತು. ಅದೇ ವರ್ಷ ಡಬ್ಬಿ, ಬಾಟಲಿ ತಯಾರಿಸುವ ಕಂಪನಿಗಳು ಸೇರಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಸ್ಥಾಪಿಸಿದವು. 1971ರಲ್ಲಿ ಅವರದೊಂದು ಜಾಹೀರಾತು ಮನೆಮಾತಾಯಿತು. ಗರಿ ಸಿಕ್ಕಿಸಿಕೊಂಡ ಮೂಲನಿವಾಸಿಯೊಬ್ಬ ಕಸ ನೋಡಿ ಕಣ್ಣೀರು ಹಾಕುತ್ತಾನೆ. ಮಾಲಿನ್ಯ ಶುರು ಮಾಡುವುದು ಜನ, ನಿಲ್ಲಿಸಬಲ್ಲವರೂ ಜನ ಅಂತ ದನಿ ಬರುತ್ತದೆ. ಇಡೀ ದೇಶ ಮೂಗು ಸೀಟಿತು. ಆ ಮೂಲನಿವಾಸಿ ಇಟಲಿ ಮೂಲದ ನಟ. ಕಣ್ಣೀರು ಗ್ಲಿಸರಿನ್. ಬಾಟಲಿಗೆ ಠೇವಣಿ ಕಡ್ಡಾಯ ಮಾಡುವ ಕಾನೂನುಗಳನ್ನು ಮಾತ್ರ ಇದೇ ಸಂಸ್ಥೆ ವಿರೋಧಿಸಿತು.

ಠೇವಣಿ ಅಂದರೆ ನಮಗೇನು ಹೊಸದೇ? ಗೋಲಿ ಸೋಡಾ ಕುಡಿದು ಬಾಟಲಿ ಮನೆಗೆ ಒಯ್ದವನನ್ನು ಶೆಟ್ಟರ ಅಂಗಡಿಯವರು ಬಿಡುತ್ತಿದ್ದರೇ? ಕೂಲ್‌ಡ್ರಿಂಕ್ ಬಾಟಲಿಗೆ ಮೊದಲು ಡೆಪಾಸಿಟ್, ಆಮೇಲೆ ಡ್ರಿಂಕು. ಮನೆಗೆ ನೆಂಟರು ಬಂದು ಹೋದ ಮೇಲೆ ಖಾಲಿ ಬಾಟಲಿ ವಾಪಸು ಕೊಡಲು ಮಕ್ಕಳಲ್ಲಿ ಪೈಪೋಟಿ, ಚಿಲ್ಲರೆಗೆ ಪೆಪ್ಪರ್‌ಮಿಂಟ್ ಬರುತ್ತಿತ್ತಲ್ಲ. ಆಗ ಯಾವ ಕೆರೆಯಲ್ಲೂ ಬಾಟಲಿ ತೇಲುತ್ತಿರಲಿಲ್ಲ. ಆ ಕಾಲದ ಜನಕ್ಕೆ ಶಿಸ್ತು ಜಾಸ್ತಿ ಇತ್ತು ಅಂತಲ್ಲ. ಬಾಟಲಿ ವಾಪಸು ಬರದಿದ್ದರೆ ಕಂಪನಿಗೆ ನಷ್ಟವಾಗುತ್ತಿತ್ತು. ಈಗ ನಷ್ಟ ಕೆರೆಗೆ, ತಪ್ಪು ನಮ್ಮದು, ಟೀ ಶರ್ಟು ಅವರದು.

ಇಷ್ಟು ಹೊತ್ತು ನಕ್ಕೆ. ಇನ್ನು ನಗು ಬರುತ್ತಿಲ್ಲ.

2016ರ ಏಪ್ರಿಲ್ 18 ಮತ್ತು 19. ಪಿಎಫ್ ಹಣವನ್ನು 58 ವರ್ಷ ಆಗುವವರೆಗೆ ಪೂರ್ತಿ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಮೆಷಿನ್ ಬಿಟ್ಟು ಎದ್ದು ಹೊಸೂರು ರಸ್ತೆಗೆ ಬಂದರು. ಬೊಮ್ಮನಹಳ್ಳಿಯಲ್ಲಿ, ಪೀಣ್ಯದಲ್ಲಿ, ಜಾಲಹಳ್ಳಿಯಲ್ಲಿ ಸಾವಿರ ಸಾವಿರ ಜನ. ಕರೆ ಕೊಟ್ಟ ನಾಯಕರಿಲ್ಲ, ಯೂನಿಯನ್ ಕೂಡ ಮುಂದಿರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಬಸ್ಸಿಗೆ ಬೆಂಕಿಯೂ ಬಿತ್ತು. 19ರ ಸಂಜೆ ಹೊತ್ತಿಗೆ ಕೇಂದ್ರ ಆ ನಿಯಮ ವಾಪಸು ಪಡೆಯಿತು. ಆ ಎರಡು ದಿನ ಊರಿನ ದೊಡ್ಡವರು ಕೇಳಿದ ಪ್ರಶ್ನೆ ಯಾವುದು? ‘ಇವರ ಹಿಂದೆ ಯಾರಿದ್ದಾರೆ?’

ಅವರ ಹಿಂದೆ ಇದ್ದದ್ದು ಬಾಡಿಗೆ, ಸ್ಕೂಲ್ ಫೀಸು, ಊರಿನ ಸಾಲ. ಬಿಸಿಲಲ್ಲಿ ನಿಂತ ಬಡವರಿಗೆ ಕೇಳುವ ಈ ಪ್ರಶ್ನೆಯನ್ನು ಎಸಿ ಹಾಲಿನಲ್ಲಿ ಕೂತ ಸಾಮಾನ್ಯ ನಾಗರಿಕರಿಗೆ ಯಾಕೆ ಕೇಳೋದಿಲ್ಲ? ಕೆರೆ ಉಳಿಸಿ ಅಂದವರಿಗೆ, ಮರ ಕಡಿಯಬೇಡಿ ಅಂದವರಿಗೆ, ನಿಮಗೆ ಫಂಡ್ ಎಲ್ಲಿಂದ ಬರುತ್ತದೆ ಅಂತ ಟಿವಿಯಲ್ಲಿ ಕೂಗಾಡುತ್ತಾರೆ. ಬಾಡಿಗೆ ಜನ ಜಾಸ್ತಿಯಾದಷ್ಟೂ ನಿಜವಾಗಿ ಬೀದಿಗೆ ಬಂದವರ ಮೇಲೂ ಅದೇ ಗುಮಾನಿ. ಕಂಪನಿಗೆ ಇದರಲ್ಲೂ ಲಾಭ.

ಹೇಳಿಕೊಳ್ಳೋಣ ಅಂದರೆ ಊರಿಗೆ ಕಾರ್ಪೊರೇಟರಾದರೂ ಇದ್ದರೇ? 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ವಾರ್ಡ್ ಪುನರ್ವಿಂಗಡಣೆ, ಮೀಸಲಾತಿ, ಕೋರ್ಟು, ಹೊಸ ಹೆಸರು, ಐದು ಪಾಲಿಕೆ. ಆರಿಸಿ ಕಳಿಸಿದವರ ಕುರ್ಚಿ ಖಾಲಿ ಇದ್ದಾಗ ಅಧಿಕಾರಿಗಳಿಗೂ ‘ನಾಗರಿಕರ ಅಭಿಪ್ರಾಯ’ ಅಂತ ಫೈಲಿಗೆ ಹಾಕಲು ಒಂದು ಕಾಗದ ಬೇಕು. ಒಳ್ಳೆ ಲೆಟರ್‌ಹೆಡ್ ಇರುವವರ ಕಾಗದ ಮೊದಲು ಹೋಗುತ್ತದೆ. ‘ಭ’ದ ಹೊಟ್ಟೆ ಸೀಳದ ನಮ್ಮ ಸಂಘದ ಅರ್ಜಿ ಟಪಾಲಿನಲ್ಲೇ ಕೊಳೆಯುತ್ತದೆ.

ಚುನಾವಣೆಯಲ್ಲಿ ಗೋಡೆಗೆ ಅಂಟಿಸುವ ಪೋಸ್ಟರಿಗೂ ಒಂದು ಕಾನೂನಿದೆ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127ಎ ಪ್ರಕಾರ ಮುದ್ರಿಸಿದವರ, ಪ್ರಕಟಿಸಿದವರ ಹೆಸರು, ವಿಳಾಸ ಅದರಲ್ಲಿ ಇರಲೇಬೇಕು. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರವಾದರೂ ಸರಿ. ಸರ್ಕಾರಕ್ಕೆ ಜನಾಭಿಪ್ರಾಯ ಸಲ್ಲಿಸುವ ವೇದಿಕೆಗಳೂ ಹಾಗೇ ಒಂದು ಸಾಲು ಬರೆಯಲಿ: ಈ ಕಳವಳದ ಖರ್ಚು ಇಂಥವರದು. ವಾಟ್ಸ್ಆ್ಯಪ್‌ನಲ್ಲಿ ಬಂದ ನಂಬರಿಗೆ ಫೋನ್ ಮಾಡಿ ಇಷ್ಟೇ ಕೇಳಿ ನೋಡಿ. ‘ಸರ್, ನಾವು ಸಾಮಾನ್ಯ ನಾಗರಿಕರು, ಅದರ ಬಗ್ಗೆ ನಮ್ಮ ಲೀಗಲ್ ಟೀಮ್ ಮಾತಾಡುತ್ತೆ’ ಅಂತಾರೆ.